ಅಳಿದ ಅಕ್ಷರಕ್ಕೆ ಚುಕ್ಕಿ ಇಡಿ, ಸ್ವಾಮಿ

2023ರಲ್ಲಿ ಒಂದು ತಮಾಷೆ ನಡೆಯಿತು. ದೊಡ್ಡ ಕಂಪನಿಯೊಂದರ ದುಬಾರಿ ಫೋನಿನಲ್ಲಿ ಚಂದ್ರನ ಫೋಟೋ ತೆಗೆದರೆ ಗುಳಿ, ಕಲೆ ಎಲ್ಲ ಕಣ್ಣಿಗೆ ಹೊಡೆಯುವಂತೆ ಬರುತ್ತಿತ್ತು. ಜನ ಆಹಾ ಓಹೋ ಅಂದರು. ಒಬ್ಬ ಅನುಮಾನದ ಆಸಾಮಿಗೆ ಮಾತ್ರ ಸಮಾಧಾನ ಆಗಲಿಲ್ಲ. ಅವನು ಚಂದ್ರನ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ಬೇಕಂತಲೇ ಮಸುಕು ಮಾಡಿದ, ಗುಳಿಗಳೆಲ್ಲ ಅಳಿಸಿಹೋಗುವಷ್ಟು. ದೀಪ ಆರಿಸಿ, ಕೋಣೆಯ ಇನ್ನೊಂದು ತುದಿಗೆ ಹೋಗಿ ನಿಂತು, ಆ ಪರದೆಯ ಫೋಟೋ ತೆಗೆದ. ಫೋನು ಗುಳಿಗಳನ್ನು ತಂದು ಕೊಟ್ಟಿತು! ಎದುರಿಗೆ ಇರಲೇ ಇಲ್ಲದ ಗುಳಿಗಳು. ಅಂದರೆ ಫೋನು ಚಂದ್ರನನ್ನು ನೋಡಿರಲಿಲ್ಲ, ನೆನಪಿಸಿಕೊಂಡಿತ್ತು.

ಚಂದ್ರನ ವಿಷಯ ಬಿಡಿ. ಅವನು ಊರಿಗೆಲ್ಲ ಒಬ್ಬನೇ, ಮುಖ ಬದಲಾಯಿಸುವವನೂ ಅಲ್ಲ. ಫೋನು ಹಚ್ಚಿದ ಗುಳಿಯಿಂದ ಯಾರ ಜ್ವರವೂ ಏರುವುದಿಲ್ಲ, ಇಳಿಯುವುದಿಲ್ಲ. ಆದರೆ ಅದೇ ಚಾಳಿ ಈಗ ಮೈಕ್ರೋಸ್ಕೋಪಿನ ಬುಡಕ್ಕೆ ಬಂದು ಕೂರುತ್ತಿದೆ. "ನಿಮ್ಮ ಮಸುಕು ಸ್ಲೈಡ್ ಕೊಡಿ, ಗರಿಗರಿ ಚಿತ್ರ ಕೊಡ್ತೀವಿ, ಎಐ ಇದೆ" ಅನ್ನುವ ಮಾತು ನಾನು ಕೆಲಸ ಮಾಡುವ ಜಗತ್ತಿನಲ್ಲಿ ಈಗ ಮಾಮೂಲು. ಸ್ಲೈಡಿನ ಮೇಲಿರುವುದು ಚಂದ್ರ ಅಲ್ಲ. ಒಬ್ಬ ಮನುಷ್ಯನ ಕಫ, ಒಬ್ಬಳ ರಕ್ತ. ಅದು ಪ್ರತಿಸಲವೂ ಬೇರೆ. ಅಲ್ಲಿ ನೆನಪಿಸಿಕೊಂಡು ಬಿಡಿಸುವ ಚಿತ್ರಕ್ಕೆ ನಾನು ಸಾಕ್ಷ್ಯ ಅನ್ನುವುದಿಲ್ಲ, ಸುಳ್ಳುಸಾಕ್ಷಿ ಅನ್ನುತ್ತೇನೆ.

ಚಿತ್ರ ಸಂಸ್ಕರಿಸುವ ಕೋಡು ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಇದು ಮನೆಯೊಳಗಿನ ಜಗಳ. ಕಂಪ್ಯೂಟರೇ ಬೇಡ, ಕಣ್ಣೇ ಸಾಕು ಅನ್ನುವ ಜಗಳವಂತೂ ಅಲ್ಲ. ನನ್ನ ತಕರಾರು ಇಷ್ಟೇ: "ಮೈಕ್ರೋಸ್ಕೋಪಿನ ರೆಸಲ್ಯೂಷನ್ ಹೆಚ್ಚಿಸುವುದು" ಅನ್ನುವ ಒಂದೇ ಬೋರ್ಡಿನ ಹಿಂದೆ ಎರಡು ಅಂಗಡಿಗಳಿವೆ. ಒಂದು ಲೆಕ್ಕದ ಅಂಗಡಿ, ಇನ್ನೊಂದು ಊಹೆಯ ಅಂಗಡಿ. ಲೆಕ್ಕದ ಅಂಗಡಿಯ ಒಳ್ಳೆಯ ಹೆಸರು ಹೇಳಿಕೊಂಡು ಊಹೆಯ ಅಂಗಡಿಯವರು ವ್ಯಾಪಾರ ಮಾಡುತ್ತಿದ್ದಾರೆ. ನಾವು ಎಂಜಿನಿಯರುಗಳು ಗೊತ್ತಿದ್ದೂ ಸುಮ್ಮನಿದ್ದೇವೆ.

ಮೊದಲು ಮಸುಕು ಎಲ್ಲಿಂದ ಬರುತ್ತದೆ ನೋಡಿ. 1873ರಲ್ಲಿ ಜರ್ಮನಿಯ ಯೇನಾದಲ್ಲಿ ಅರ್ನ್‌ಸ್ಟ್ ಅಬೆ ಅನ್ನುವ ಭೌತವಿಜ್ಞಾನಿ ಒಂದು ಕಹಿ ಸತ್ಯ ಹೇಳಿದ. ಬೆಳಕು ಅಲೆ. ಅಲೆಗಿಂತ ತೀರಾ ಸಣ್ಣ ವಿವರವನ್ನು ಯಾವ ಲೆನ್ಸೂ ಬಿಡಿಸಿ ತೋರಿಸಲಾರದು, ಎಷ್ಟೇ ಚೆನ್ನಾಗಿ ಉಜ್ಜಿ ಮಾಡಿದರೂ. ಬೆಳಕಿನ ಅಲೆಯುದ್ದವನ್ನು ಲೆನ್ಸಿನ ನ್ಯೂಮೆರಿಕಲ್ ಅಪರ್ಚರಿನ ಎರಡರಷ್ಟರಿಂದ ಭಾಗಿಸಿದರೆ ಆ ಗಡಿ ಸಿಗುತ್ತದೆ. ನ್ಯೂಮೆರಿಕಲ್ ಅಪರ್ಚರ್ ಅಂದರೆ ಲೆನ್ಸು ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿದುಕೊಳ್ಳುತ್ತದೆ ಅನ್ನುವ ಅಳತೆ. ಆಸ್ಪತ್ರೆಯ ಲ್ಯಾಬಿನಲ್ಲಿ ಎಣ್ಣೆ ಹನಿಸಿ ನೋಡುವ 100ಎಕ್ಸ್ ಲೆನ್ಸಿನಲ್ಲಿ ಅದು ಸಾಮಾನ್ಯವಾಗಿ 1.25. ಹಸಿರು ಬೆಳಕಿನ ಅಲೆಯುದ್ದ ಸುಮಾರು 0.55 ಮೈಕ್ರಾನ್. ಭಾಗಿಸಿ ನೋಡಿ: 0.22 ಮೈಕ್ರಾನ್. ಅದಕ್ಕಿಂತ ಹತ್ತಿರ ಇರುವ ಎರಡು ಚುಕ್ಕಿಗಳು ಒಂದೇ ಚುಕ್ಕಿಯಾಗಿ ಕಾಣುತ್ತವೆ.

ಇದಕ್ಕೆ 108 ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗಲ್ಲ. ಮಜ್ಜಿಗೆಗೆ ನೀರು ಸುರಿದರೆ ಪಾತ್ರೆ ತುಂಬುತ್ತದೆ, ಬೆಣ್ಣೆ ಹೆಚ್ಚುವುದಿಲ್ಲ. ಲೆನ್ಸಿನಲ್ಲೇ ಬೆರೆತುಹೋದದ್ದನ್ನು ಕ್ಯಾಮೆರಾ ದೊಡ್ಡ ಮಸುಕಾಗಿ ತೋರಿಸಬಹುದು, ಅಷ್ಟೇ.

ಹಾಗಾದರೆ ಈ ಗಡಿಯ ಹತ್ತಿರ ಲೆಕ್ಕಕ್ಕೆ ಏನು ಕೆಲಸ? ಬಹಳ ಕೆಲಸ ಇದೆ, ಅದು ಸೊಗಸಾದ ಕೆಲಸ. ನಮ್ಮ ತುಮಕೂರು ಕಡೆಯ ಹಳ್ಳಿಗಳಲ್ಲಿ ಕೆರೆ ಏರಿ ಮೇಲೋ ಗುಡಿ ಮಗ್ಗುಲಲ್ಲೋ ವೀರಗಲ್ಲುಗಳು ನಿಂತಿರುತ್ತವೆ. ಮಟಮಟ ಮಧ್ಯಾಹ್ನ ಹೋಗಿ ನೋಡಿದರೆ ಬರೀ ಬಂಡೆ, ಒಂದಕ್ಷರ ಕಾಣುವುದಿಲ್ಲ. ಅದೇ ರಾತ್ರಿ ಟಾರ್ಚು ಹಿಡಿದು ಎಡಗಡೆಯಿಂದ ಓರೆಯಾಗಿ ಬೆಳಕು ಬಿಡಿ, ಕೆಲವು ಗೆರೆ ಏಳುತ್ತವೆ. ಬಲದಿಂದ ಬಿಡಿ, ಬೇರೆ ಗೆರೆ ಏಳುತ್ತವೆ. ಮೇಲಿನಿಂದ, ಕೆಳಗಿನಿಂದ. ಒಂದೊಂದು ಬೆಳಕೂ ಒಂದೊಂದು ಚೂರು ಕೊಡುತ್ತದೆ. ಎಲ್ಲ ಸೇರಿಸಿ ಓದುವವನು ಅಕ್ಷರವನ್ನು ಹುಟ್ಟಿಸುತ್ತಿಲ್ಲ, ಕಲ್ಲಿನಲ್ಲಿದ್ದದ್ದನ್ನೇ ಕೂಡಿಸುತ್ತಿದ್ದಾನೆ.

2013ರಲ್ಲಿ ಕ್ಯಾಲ್‌ಟೆಕ್‌ನ ಗುವಾನ್ ಝೆಂಗ್, ರೋರ್ಕ್ ಹಾರ್ಸ್ಟ್‌ಮೆಯರ್, ಚಾಂಗ್‌ಹೂಯ್ ಯಾಂಗ್ ಮೈಕ್ರೋಸ್ಕೋಪಿಗೆ ಹೆಚ್ಚುಕಮ್ಮಿ ಇದನ್ನೇ ಮಾಡಿದರು. ಫೋರಿಯರ್ ಟೈಕೋಗ್ರಫಿ ಅಂತ ಹೆಸರು. ದೀಪದ ಜಾಗದಲ್ಲಿ ಎಲ್ಇಡಿಗಳ ಒಂದು ಹಲಗೆ. ಒಂದೊಂದೇ ಎಲ್ಇಡಿ ಹೊತ್ತಿಸಿ ಒಂದೊಂದು ಫೋಟೋ, ಒಟ್ಟು 137. ನೇರ ಬೆಳಕಿನಲ್ಲಿ ಲೆನ್ಸಿನ ಹೊರಗೆ ಚದುರಿಹೋಗುತ್ತಿದ್ದ ಸೂಕ್ಷ್ಮ ವಿವರ ಓರೆ ಬೆಳಕಿನಲ್ಲಿ ಲೆನ್ಸಿನೊಳಗೆ ಬೀಳುತ್ತದೆ. ಅವರ ಲೆನ್ಸು ಬರೀ 2ಎಕ್ಸ್, ಅಪರ್ಚರ್ 0.08. ಎಲ್ಲ ಫೋಟೋಗಳನ್ನು ಲೆಕ್ಕದಲ್ಲಿ ಹೊಲಿದಾಗ ಅದು 0.5 ಅಪರ್ಚರಿನ ಲೆನ್ಸಿನಂತೆ ಕೆಲಸ ಮಾಡಿತು. ಅಂದರೆ 20ಎಕ್ಸ್ ಲೆನ್ಸಿನ ಹತ್ತಿರದ ಸೂಕ್ಷ್ಮತೆ, 2ಎಕ್ಸ್ ಲೆನ್ಸಿನ ಅಗಲ. ಈ ಲೆಕ್ಕ ಸುತ್ತು ಸುತ್ತಾಗಿ ನಡೆಯುತ್ತದೆ. ಪ್ರತಿ ಸುತ್ತಿನಲ್ಲೂ ಉತ್ತರ ಆ 137 ಫೋಟೋಗಳ ಮುಂದೆ ಬಂದು ಹಾಜರಿ ಹಾಕಬೇಕು. "ಈ ದೀಪ ಹೊತ್ತಿಸಿದರೆ ನೀನು ಹೀಗೇ ಕಾಣಬೇಕಿತ್ತು, ಕಾಣ್ತೀಯಾ?" ಅಂತ ಒಂದೊಂದು ಫೋಟೋವೂ ಕೇಳುತ್ತದೆ. ಹೊಂದದಿದ್ದರೆ ತಿದ್ದಲೇಬೇಕು.

ಹೆಚ್ಚು ಅಳೆದರು, ಹೆಚ್ಚು ಕಂಡರು. ಇಲ್ಲಿ ಮಾಯಮಂತ್ರ ಏನೂ ಇಲ್ಲ. ಹಬಲ್ ದೂರದರ್ಶಕದ ಕತೆಯೂ ಇದೇ ಜಾತಿಯದು. 1990ರಲ್ಲಿ ಮೇಲೆ ಹೋದ ಮೇಲೆ ಅದರ ಕನ್ನಡಿಯ ಆಕಾರವೇ ತಪ್ಪಿದೆ ಅಂತ ಗೊತ್ತಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡುವವರೆಗೂ ಖಗೋಳದವರು ಲೆಕ್ಕದಿಂದಲೇ ಮಸುಕು ತೆಗೆಯುತ್ತಿದ್ದರು. ಕನ್ನಡಿ ಒಂದು ಚುಕ್ಕಿಯನ್ನು ಹೇಗೆ ಹರಡುತ್ತದೆ ಅನ್ನುವುದು ಗೊತ್ತಿದ್ದರೆ ಹರಡಿದ್ದನ್ನು ಒಂದು ಮಟ್ಟದವರೆಗೆ ಹಿಂದಕ್ಕೆ ಕೂಡಿಸಬಹುದು. ಮೈಕ್ರೋಸ್ಕೋಪಿನವರು ಡಿಕನ್ವಲ್ಯೂಷನ್ ಅಂತ ಮಾಡುವುದೂ ಇದನ್ನೇ.

ಈ ಲೆಕ್ಕದ ಅಂಗಡಿಗೆ ಬೆಂಗಳೂರು ಹೊಸಬನಲ್ಲ ಅನ್ನುವುದು ನಮ್ಮವರಿಗೇ ಗೊತ್ತಿಲ್ಲ. ಜಿ. ಎನ್. ರಾಮಚಂದ್ರನ್ ಅಂದರೆ ಜೀವವಿಜ್ಞಾನ ಓದಿದವರಿಗೆ ಪ್ರೋಟೀನಿನ ರಾಮಚಂದ್ರನ್ ನಕ್ಷೆ, ಕೊಲಾಜನ್ನಿನ ಮೂರೆಳೆ ರಚನೆ ನೆನಪಾಗುತ್ತದೆ. ಸಿ. ವಿ. ರಾಮನ್ ಅವರ ಶಿಷ್ಯ, ನಮ್ಮ ಐಐಎಸ್‌ಸಿಯಲ್ಲಿ ಮಾಲಿಕ್ಯುಲಾರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದವರು. ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಸೇರಿ 1971ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಎಕ್ಸ್‌ರೇ ಮತ್ತು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಪ್ಪಟೆ ಚಿತ್ರಗಳಿಂದ ವಸ್ತುವಿನ ಮೂರು ಆಯಾಮದ ರೂಪ ಕಟ್ಟುವುದು ಹೇಗೆ ಅನ್ನುವುದೇ ಅದರ ವಿಷಯ. ಬೇರೆ ಬೇರೆ ಕೋನದಿಂದ ಬಿದ್ದ ನೆರಳುಗಳನ್ನು ಬಂದ ದಾರಿಯಲ್ಲೇ ವಾಪಸು ಬಳಿದರೆ ರೂಪವೇನೋ ಬರುತ್ತದೆ, ಆದರೆ ಪ್ರತಿ ಚುಕ್ಕಿಯ ಸುತ್ತ ಮಂಜು ಕವಿದಿರುತ್ತದೆ. ಅವರು ಹೇಳಿದ್ದು: ಬಳಿಯುವ ಮೊದಲು ಪ್ರತಿ ನೆರಳನ್ನೂ ಒಂದು ನಿರ್ದಿಷ್ಟ ತೂಕದ ಜರಡಿಯಲ್ಲಿ ಹಾಯಿಸಿ, ಮಂಜನ್ನು ಮುಂಚೆಯೇ ಕಳೆದುಬಿಡಿ. ಅದಕ್ಕೂ ಮೊದಲು ಚಾಲ್ತಿಯಲ್ಲಿದ್ದ ಫೋರಿಯರ್ ದಾರಿಗಿಂತ ಇದು ಸರಳ, ವೇಗ. 1967ರಲ್ಲೇ ರೇಡಿಯೋ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಇಂಥದೇ ದಾರಿ ಕಂಡಿದ್ದರು, ಆ ಮಾತೂ ಹೇಳಬೇಕು. ಆದರೂ ಇವತ್ತಿಗೂ ಸಿಟಿ ಸ್ಕ್ಯಾನಿನ ಪಠ್ಯಪುಸ್ತಕದಲ್ಲಿ ಆ ಜರಡಿಯ ಹೆಸರು ರಾಮ್-ಲಾಕ್. ಮ್ಯಾಟ್‌ಲ್ಯಾಬ್ ತೆರೆದು ಸ್ಕ್ಯಾನ್ ಕಟ್ಟುವ ಆಜ್ಞೆ ಕೊಟ್ಟರೆ, ನೀವು ಬೇರೆ ಏನೂ ಹೇಳದಿದ್ದರೆ, ಅದು ತಾನಾಗಿ ಬಳಸುವ ಜರಡಿ ಇದೇ.

ಬಿಇಯಲ್ಲಿ ನಾವೆಲ್ಲ ಕನ್ವಲ್ಯೂಷನ್ ಅನ್ನುವ ಪದವನ್ನು ಹತ್ತು ಮಾರ್ಕಿನ ಪ್ರಶ್ನೆಗಾಗಿ ಉರು ಹೊಡೆದವರು. ಬಾಣದ ಗುರುತು ಹಾಕಿ, ತಿರುವಿ, ಜರುಗಿಸಿ, ಗುಣಿಸಿ, ಕೂಡಿಸಿ ಮುಗಿಸಿದೆವು. ಅದೇ ಪದ ಆ ಲೇಖನದ ತಲೆಬರಹದಲ್ಲಿದೆ, ಅದು ನಮ್ಮೂರಿನ ಕೊಡುಗೆ ಅಂತ ಯಾರೂ ಹೇಳಲಿಲ್ಲ.

ಹೆಮ್ಮೆ ಇರಲಿ, ನನಗೆ ಮುಖ್ಯ ಅನ್ನಿಸುವುದು ಬೇರೆ. ಆ ವಿಧಾನದಲ್ಲಿ ಬರುವ ಪ್ರತಿ ಚುಕ್ಕಿಯೂ ಅಳೆದ ಸಂಖ್ಯೆಗಳ ತೂಕದ ಮೊತ್ತ. ಹೊರಗಿನಿಂದ ಒಂದು ಕಾಳೂ ಸೇರಿಲ್ಲ. ಅಳತೆ ಕಡಿಮೆಯಾದರೆ ಚಿತ್ರದಲ್ಲಿ ಗೆರೆಗೆರೆ ಬೀಳುತ್ತದೆ, ಗದ್ದಲ ಬರುತ್ತದೆ. ನೋಡಿದವರಿಗೆ "ಇಲ್ಲೇನೋ ಸರಿಯಿಲ್ಲ" ಅಂತ ಗೊತ್ತಾಗುತ್ತದೆ. ಲೆಕ್ಕದ ಅಂಗಡಿಯ ತಪ್ಪು ತಪ್ಪಿನ ಹಾಗೇ ಕಾಣುತ್ತದೆ. ಊಹೆಯ ಅಂಗಡಿಯ ತಪ್ಪು ಸರಿಯುತ್ತರದ ಹಾಗೆ ಕಾಣುತ್ತದೆ. ನನ್ನ ಇಡೀ ವಾದ ಈ ಎರಡು ವಾಕ್ಯದಲ್ಲಿದೆ.

ಊಹೆಯ ಅಂಗಡಿ ನಡೆಯುವುದು ಹೀಗೆ. ಲಕ್ಷಗಟ್ಟಲೆ ಮಸುಕು ಮತ್ತು ಸ್ಪಷ್ಟ ಚಿತ್ರಗಳ ಜೋಡಿ ತೋರಿಸಿ ನ್ಯೂರಲ್ ನೆಟ್‌ವರ್ಕಿಗೆ ತರಬೇತಿ ಕೊಡುತ್ತಾರೆ. ಹೊಸ ಮಸುಕು ಚಿತ್ರ ಬಂದಾಗ ಅದು "ಇಂಥ ಮಸುಕಿನ ಹಿಂದೆ ಸಾಮಾನ್ಯವಾಗಿ ಏನಿರುತ್ತದೆ" ಅನ್ನುವುದನ್ನು ಬಿಡಿಸುತ್ತದೆ. ಆ ಸಾಮಾನ್ಯವಾಗಿ ಅನ್ನುವ ಪದ ಗಮನಿಸಿ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಿಂದ ಬಂದ ಒಂದು ಪ್ರೋಗ್ರಾಮಿಗೆ ಬರಾಕ್ ಒಬಾಮಾರ ಮಸುಕು ಫೋಟೋ ಕೊಟ್ಟರು. ಅದು ಗರಿಗರಿಯಾದ ಒಬ್ಬ ಬಿಳಿಯನ ಮುಖ ಕೊಟ್ಟಿತು. ಸ್ವಾರಸ್ಯ ಏನು ಗೊತ್ತಾ? ಆ ಬಿಳಿಯನ ಮುಖವನ್ನು ಮತ್ತೆ ಮಸುಕು ಮಾಡಿದರೆ ಒಬಾಮಾರ ಮಸುಕಿಗೆ ಹೊಂದುತ್ತದೆ. ಆ ಪ್ರೋಗ್ರಾಮ್ ಹುಡುಕುವುದೇ ಹಾಗೆ ಹೊಂದುವ ಮುಖವನ್ನು. ಒಂದೇ ಮಸುಕಿಗೆ ನೂರು ಮುಖ ಹೊಂದುತ್ತವೆ. ಯಾವುದು ಅನ್ನುವುದು ಮಸುಕಿನಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ತರಬೇತಿಯ ಹಳೇ ಮುಖಗಳಿಂದ ತಂದು ಅಂಟಿಸಿದರು.

ಎಐ ಇಲ್ಲದೆಯೂ ಈ ರೋಗ ಬರುತ್ತದೆ. 2013ರಲ್ಲಿ ಡೇವಿಡ್ ಕ್ರೀಸೆಲ್ ಅನ್ನುವ ಜರ್ಮನ್ ಕಂಪ್ಯೂಟರ್ ವಿಜ್ಞಾನಿ ಝೆರಾಕ್ಸ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಒಂದು ಮನೆಯ ನಕ್ಷೆ ನೋಡಿದ. ಮೂಲದಲ್ಲಿ 14.13, 21.11, 17.42 ಅಂತ ಮೂರು ಬೇರೆ ಬೇರೆ ಕೋಣೆಗಳ ಅಳತೆ. ಸ್ಕ್ಯಾನಿನಲ್ಲಿ ಮೂರೂ 14.13! ಜಾಗ ಉಳಿಸಲು ಯಂತ್ರ ಒಂದರಂತೆ ಕಂಡ ತುಣುಕುಗಳನ್ನು ಒಂದೇ ಅಂತ ತಿಳಿದು ಪ್ರತಿ ಅಂಟಿಸಿತ್ತು. ಮಸುಕಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಅಕ್ಷರ ಮುತ್ತಿನಂತೆ ಸ್ಪಷ್ಟವಾಗಿತ್ತು, ಆದರೆ ಸುಳ್ಳಾಗಿತ್ತು.

ವಿಜ್ಞಾನಿಗಳೂ ಇದರಿಂದ ಹೊರತಲ್ಲ, ಆದರೆ ಅವರು ತಮ್ಮ ಮನೆಯ ಗಲೀಜನ್ನು ತಾವೇ ತೋರಿಸಿದರು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಸಾವಿರಾರು ಮಸುಕು ಚಿತ್ರಗಳನ್ನು ಹೊಂದಿಸಿ ಕೂಡಿಸಿ ಪ್ರೋಟೀನಿನ ರೂಪ ಕಟ್ಟುತ್ತಾರೆ. ಆ ವಿದ್ಯೆಗೆ 2017ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ರಿಚರ್ಡ್ ಹೆಂಡರ್‌ಸನ್ 2013ರಲ್ಲೇ ತಮ್ಮವರಿಗೆ ಎಚ್ಚರಿಕೆ ಕೊಟ್ಟು ಬರೆದರು. ಏನೂ ಇಲ್ಲದ ಬರೀ ಗದ್ದಲದ 1,000 ಚಿತ್ರ ತೆಗೆದುಕೊಳ್ಳಿ. ಒಂದೊಂದನ್ನೂ ಐನ್‌ಸ್ಟೈನರ ಫೋಟೋಗೆ ಆದಷ್ಟು ಹೊಂದುವ ಹಾಗೆ ಜರುಗಿಸಿ ಕೂಡಿಸಿ. ಗದ್ದಲದೊಳಗಿಂದ ಐನ್‌ಸ್ಟೈನ್ ಎದ್ದು ಬರುತ್ತಾರೆ. ಹುಡುಕುವವನ ತಲೆಯಲ್ಲಿದ್ದದ್ದೇ ಸಿಕ್ಕಿತು, ಅಷ್ಟೇ. ನಮ್ಮೂರಿನಲ್ಲಿ ತೆಂಗಿನಕಾಯಿ ಹಿಡಿದು ಬೋರ್‌ವೆಲ್‌ಗೆ ಜಾಗ ತೋರಿಸುವವರಿಗೆ ನೀರು ಸಿಗದ ಹೊಲವೇ ಇಲ್ಲ. ಅಂಗೈಯಲ್ಲಿ ಕಾಯಿ ಎದ್ದು ನಿಲ್ಲುತ್ತದೆ, ಎಲ್ಲ ಕಡೆ ನಿಲ್ಲುತ್ತದೆ. ಸಾಲ ಮಾಡಿ ಸಾವಿರ ಅಡಿ ಕೊರೆಸಿದವನಿಗೆ ಮಾತ್ರ ಧೂಳು.

ಈಗ ಸ್ಲೈಡಿಗೆ ಬನ್ನಿ. ಕ್ಷಯದ ಬ್ಯಾಕ್ಟೀರಿಯಾ ಉದ್ದ ಸುಮಾರು 2ರಿಂದ 4 ಮೈಕ್ರಾನ್, ದಪ್ಪ 0.2ರಿಂದ 0.5 ಮೈಕ್ರಾನ್. ಮೇಲೆ ಹೇಳಿದ 0.22ರ ಗಡಿ ನೆನಪಿದೆಯಲ್ಲ? ಅದರ ದಪ್ಪ ಸರಿಯಾಗಿ ಆ ಗಡಿಯ ಮೇಲೇ ಕೂತಿದೆ. ಕಫ ಪರೀಕ್ಷೆಯಲ್ಲಿ ಟೆಕ್ನಿಷಿಯನ್ ಎಣ್ಣೆ ಲೆನ್ಸಿನಲ್ಲಿ 100 ನೋಟಗಳನ್ನು ನೋಡಬೇಕು. ಆ ನೂರರಲ್ಲೂ ಸೇರಿ 1ರಿಂದ 9 ಕಂಡರೆ ಅದನ್ನು 'ಸ್ಕ್ಯಾಂಟಿ' ಅಂತ, ಎಣಿಕೆ ಸಮೇತ ಬರೆಯಬೇಕು. ನೂರು ನೋಟದಲ್ಲಿ ಮೂರು ಕೆಂಪು ಕಡ್ಡಿ! ಸಾಮಾನ್ಯವಾಗಿ ಏನಿರುತ್ತದೆ ಅಂತ ಕಲಿತ ಯಂತ್ರಕ್ಕೆ ಆ ಮೂರು ಕಡ್ಡಿ ಏನಾಗಿ ಕಾಣಬೇಕು? ಕಸವಾಗಿ. ಗದ್ದಲ ತೆಗೆಯುವ ಹುಮ್ಮಸ್ಸಿನಲ್ಲಿ ಅದು ಮೂರನ್ನೂ ಒರೆಸಿ ಚೊಕ್ಕಟ ಹಿನ್ನೆಲೆ ಕೊಡಬಹುದು. ಅಥವಾ ಬಣ್ಣದ ಒಂದು ಕಲೆಗೆ ಚೂಪು ತುದಿ ಕೊಟ್ಟು ಕಡ್ಡಿ ಮಾಡಿಬಿಡಬಹುದು. ಮೊದಲನೆಯದಾದರೆ ಕೆಮ್ಮುವವನು ಮನೆಗೆ ಹೋಗಿ ಮಕ್ಕಳ ಪಕ್ಕ ಮಲಗುತ್ತಾನೆ. ಎರಡನೆಯದಾದರೆ ಇಲ್ಲದ ಕಾಯಿಲೆಗೆ ತಿಂಗಳುಗಟ್ಟಲೆ ಮಾತ್ರೆ.

ಮಲೇರಿಯಾದಲ್ಲೂ ಹಾಗೇ. ಮಂಗಳೂರಿನವರಿಗೆ ಈ ಹೆಸರುಗಳು ಬಾಯಿಪಾಠ: ವೈವಾಕ್ಸ್, ಫಾಲ್ಸಿಪ್ಯಾರಮ್. ಎಂಟು ಮೈಕ್ರಾನಿಗೂ ಕಡಿಮೆ ಅಗಲದ ಕೆಂಪು ರಕ್ತಕಣ, ಅದರೊಳಗೆ ಒಂದು ಉಂಗುರ. ಉಂಗುರ ತೆಳುವೋ ದಪ್ಪವೋ, ಅದರ ಮೇಲೆ ಒಂದು ಚುಕ್ಕಿಯೋ ಎರಡೋ, ರಕ್ತಕಣ ಊದಿದೆಯೋ, ಒಳಗೆ ನವಿರಾದ ಚುಕ್ಕಿಪುಡಿ ಇದೆಯೋ. ಇಂಥ ಗುರುತುಗಳ ಮೇಲೆ ಜಾತಿ ತೀರ್ಮಾನ ಆಗುತ್ತದೆ, ಜಾತಿಯ ಮೇಲೆ ಔಷಧ. ವೈವಾಕ್ಸಿಗೆ ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲಲು 14 ದಿನದ ಪ್ರೈಮಾಕ್ವಿನ್. ಫಾಲ್ಸಿಪ್ಯಾರಮ್ ಆದರೆ ತಡ ಮಾಡಿದಷ್ಟೂ ಜೀವಕ್ಕೆ ಅಪಾಯ. ಚಂದ್ರನಿಗೆ ಗುಳಿ ಹಚ್ಚಿದ ಹಾಗೆ ಉಂಗುರಕ್ಕೆ ಒಂದು ಚುಕ್ಕಿ ಹಚ್ಚಿದರೆ?

ಒಂದು ಸಭೆಯ ಮಾತು ಹೇಳುತ್ತೇನೆ, ಕಂಪನಿಯ ಹೆಸರು ಬೇಡ. ಪರದೆಯ ಮೇಲೆ ಎಡಕ್ಕೆ ಮಸುಕು ಸ್ಲೈಡು, ಬಲಕ್ಕೆ ಕನ್ನಡಿಯಂಥ ಸ್ಲೈಡು. ಚಪ್ಪಾಳೆ ಬಿತ್ತು. ರಿಪೋರ್ಟಿನ ಜೊತೆ ಎಡಗಡೆಯ ಮೂಲ ಚಿತ್ರವೂ ಡಾಕ್ಟರಿಗೆ ಹೋಗುತ್ತದಾ ಅಂತ ಕೇಳಿದೆ. "ಇಲ್ಲ, ಸ್ಟೋರೇಜ್ ಖರ್ಚು ಜಾಸ್ತಿ, ಮೇಲಾಗಿ ಅದನ್ನು ನೋಡಿದರೆ ಗಿರಾಕಿಗೆ ಗೊಂದಲ ಆಗುತ್ತೆ" ಅಂದರು. ಸಾಕ್ಷ್ಯ ಎಸೆದು ತೀರ್ಪು ಮಾತ್ರ ಇಟ್ಟುಕೊಳ್ಳುವ ಕೋರ್ಟು ಎಲ್ಲಾದರೂ ಉಂಟೇ? ಗೊಂದಲ ಆಗಬೇಕಾದ ಕಡೆ ಗೊಂದಲ ಆಗಲಿ ಸ್ವಾಮಿ. ಗೊಂದಲ ಆದರೆ ಡಾಕ್ಟರು ಇನ್ನೊಂದು ಸ್ಲೈಡ್ ಕೇಳುತ್ತಾರೆ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಮೊದಲನೆಯದು, "ನಮ್ಮ ಸಿಸ್ಟಮ್ ನೂರಕ್ಕೆ ತೊಂಬತ್ತೆಂಟು ಸಲ ಸರಿ." ಯಾವ ನೂರು? ದೊಡ್ಡ ಆಸ್ಪತ್ರೆಯ ಹೊಸ ಬಣ್ಣ, ಹೊಸ ಲೆನ್ಸು, ತಿಳಿನೀರಿನಲ್ಲಿ ತೊಳೆದ ಸ್ಲೈಡುಗಳ ನೂರೋ, ಗಡಸು ನೀರಿನಲ್ಲಿ ತೊಳೆದು ಕಿಟಕಿಯಲ್ಲಿ ಒಣಗಿಸಿದ ಸ್ಲೈಡುಗಳ ನೂರೋ? ಮತ್ತೆ, ಸರಾಸರಿಗೆ ಕಾಯಿಲೆ ಬರುವುದಿಲ್ಲ, ಮನುಷ್ಯನಿಗೆ ಬರುತ್ತದೆ. ತುಂಬಿ ತುಳುಕುವ ಸ್ಲೈಡುಗಳನ್ನು ಯಾರು ಬೇಕಾದರೂ ಹಿಡಿಯುತ್ತಾರೆ. ಆ ಸ್ಕ್ಯಾಂಟಿ ಸ್ಲೈಡುಗಳಲ್ಲಿ ನಿಮ್ಮ ಅಂಕ ಎಷ್ಟು, ಅದನ್ನು ಪ್ರತ್ಯೇಕ ಹೇಳಿ.

ಎರಡನೆಯದು, "ಮನುಷ್ಯನ ಕಣ್ಣೂ ಊಹೆ ಮಾಡುತ್ತದಲ್ಲ?" ಮಾಡುತ್ತದೆ. ಆದರೆ ಒಳ್ಳೆಯ ಟೆಕ್ನಿಷಿಯನ್‌ಗೆ "ಗೊತ್ತಾಗ್ತಿಲ್ಲ, ನಾಳೆ ಬೆಳಿಗ್ಗೆ ಎದ್ದ ತಕ್ಷಣದ ಕಫ ತನ್ನಿ" ಅನ್ನಲು ಬರುತ್ತದೆ. ಅವರ ಊಹೆ ಅವರ ತಲೆಯಲ್ಲಿ ಇರುತ್ತದೆ, ಸ್ಲೈಡು ಹಾಗೇ ಇರುತ್ತದೆ. ಇನ್ನೊಬ್ಬರು ಬಂದು ನೋಡಬಹುದು. ಊಹೆಯ ಅಂಗಡಿಯವರು ಸಾಕ್ಷ್ಯದ ಮೇಲೇ ಊಹೆ ಬಳಿಯುತ್ತಾರೆ. ನಂತರ ಬಂದ ಹತ್ತು ಡಾಕ್ಟರು ನೋಡಿದರೂ ಅದೇ ಬಳಿದ ಗೋಡೆ.

ಮೂರನೆಯದು ಗಟ್ಟಿ ಮಾತು, ಅದಕ್ಕೆ ಮರ್ಯಾದೆ ಕೊಡುತ್ತೇನೆ. "ಹಳ್ಳಿಗಳಲ್ಲಿ ಟೆಕ್ನಿಷಿಯನ್ನೇ ಇಲ್ಲ, ಏನೂ ಇಲ್ಲದ್ದಕ್ಕಿಂತ ಇದು ವಾಸಿ." ನಿಜ, ಜನ ಇಲ್ಲ. ಅದಕ್ಕೇ ಯಂತ್ರ ಬೇಕು ಅಂತ ನಾನೂ ಹೇಳುತ್ತೇನೆ. ನೂರು ನೋಟ ತಾನೇ ಜರುಗಿಸಿ, ಫೋಟೋ ತೆಗೆದು, "ಈ ಆರು ಜಾಗ ಅನುಮಾನ, ನೀವೇ ನೋಡಿ" ಅಂತ ಬೆರಳು ತೋರಿಸುವ ಯಂತ್ರಕ್ಕೆ ನನ್ನ ಓಟು. ಓರೆ ಬೆಳಕಿನಲ್ಲಿ ನೂರು ಸಲ ಅಳೆದು ಲೆಕ್ಕ ಹಾಕುವ ಯಂತ್ರಕ್ಕೂ ನನ್ನ ಓಟು. ಅದಕ್ಕೆ ಬೇಕಾಗುವ ಎಲ್ಇಡಿ ಹಲಗೆ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಗಣಿತ ಎಲ್ಲರಿಗೂ ತೆರೆದಿದೆ. ಬೆರಳು ತೋರಿಸುವುದಕ್ಕೂ ಚಿತ್ರ ತಿದ್ದುವುದಕ್ಕೂ ಇರುವ ಅಂತರ ನನಗೆ ಮುಖ್ಯ. ಮತ್ತು "ಏನೂ ಇಲ್ಲದ್ದಕ್ಕಿಂತ ವಾಸಿ" ಅನ್ನುವ ಮಾತು ಯಾವಾಗಲೂ ಬೇರೆಯವರ ಊರಿಗೇ ಯಾಕೆ ಅನ್ವಯ ಆಗುತ್ತದೆ?

ನಾನಿರುವ ಸುಬ್ರಹ್ಮಣ್ಯಪುರದಲ್ಲಿ ಯಾರಿಗಾದರೂ ಜ್ವರ ಬಂದರೆ ಒಂದು ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಂಜೆಗೆ ವಾಟ್ಸಾಪಿಗೆ ರಿಪೋರ್ಟು. ಅನುಮಾನ ಬಂದರೆ ಉತ್ತರಹಳ್ಳಿ ಕಡೆ ಇನ್ನೊಂದು ಲ್ಯಾಬು, ಬನಶಂಕರಿ ಕಡೆ ಮತ್ತೊಂದು. ದುಡ್ಡು ಹೋಗುತ್ತದೆ, ಜೀವ ಉಳಿಯುತ್ತದೆ. ನಮ್ಮ ತಪ್ಪುಗಳಿಗೆ ಇಲ್ಲಿ ಎರಡನೇ ಅವಕಾಶ ಇದೆ. ಪಾವಗಡದ ಒಳಗಿನ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದವಳಿಗೆ ಆ ಒಂದೇ ಸ್ಲೈಡು, ಆ ಒಂದೇ ರಿಪೋರ್ಟು. 1960ರ ದಶಕದ ಶುರುವಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಇದೇ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ್ದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಅಂತ ಆಗಿನ ನಂಬಿಕೆ. ಕಂಡದ್ದು ಬೇರೆ. ಕ್ಷಯ ಇದ್ದವರಲ್ಲಿ ಸುಮಾರು ಅರ್ಧ ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟಿ, ಕೆಮ್ಮಿನ ಔಷಧಿ ಹಿಡಿದು ವಾಪಸು ಬಂದಿದ್ದರು. ಜನ ಬಂದಿದ್ದರು, ನೋಡಬೇಕಾದವರು ನೋಡಲಿಲ್ಲ. ಹಳ್ಳಿಯ ಹತ್ತಿರದ ಆಸ್ಪತ್ರೆಯಲ್ಲೇ ಮೈಕ್ರೋಸ್ಕೋಪಿನಲ್ಲಿ ಕಫ ನೋಡಬೇಕು ಅನ್ನುವ ದಾರಿ ಗಟ್ಟಿಯಾದದ್ದು ಇಂಥ ಕೆಲಸದಿಂದ. ಅರವತ್ತು ವರ್ಷದ ಮೇಲೆ ಅದೇ ಬಾಗಿಲಿಗೆ ಬಂದವಳಿಗೆ ನಾವು ಕೊಡುವುದು ಚಂದ ಮಾಡಿದ ಚಿತ್ರವೇ?

ಇದಕ್ಕೆ ಪರಿಹಾರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ದಕ್ಷಿಣ ಬೆಂಗಳೂರಿನ ಬೇಗೂರಿಗೆ ಹೋದರೆ ಸಾಕು. ಅಲ್ಲಿಯ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನ ಇದೆ, ಬೆಂಗಳೂರು ಅನ್ನುವ ಹೆಸರು ಇರುವುದು ಅದರಲ್ಲೇ. ಇಂಥ ಕಲ್ಲುಗಳನ್ನು ಓದಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಬಿ. ಎಲ್. ರೈಸ್ ಮತ್ತು ಅವರ ನಂತರದವರು ಒಂದು ಶಿಸ್ತು ಪಾಲಿಸಿದರು. ಅಕ್ಷರ ಅಳಿದಿದ್ದರೆ ಅಲ್ಲಿ ಚುಕ್ಕಿ. ಊಹಿಸಿ ತುಂಬಿದ್ದರೆ ಕಂಸ. ಮುಂದೆ ಓದುವವನಿಗೆ ಕಲ್ಲು ಹೇಳಿದ್ದು ಯಾವುದು, ಪಂಡಿತರು ಹೇಳಿದ್ದು ಯಾವುದು ಅಂತ ಬೇರೆ ಬೇರೆ ಕಾಣಬೇಕು. ಇವತ್ತು ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಸವೆದ ಅಕ್ಷರ ಎಬ್ಬಿಸುತ್ತಿದ್ದಾರೆ. ಅದೂ ಅಳತೆಯ ಕೆಲಸ, ಲೆಕ್ಕದ ಅಂಗಡಿಯದು. ಸತ್ತು ಸಾವಿರ ವರ್ಷ ಆದ ವೀರನ ಹೆಸರಿಗೆ ಇಷ್ಟು ಮರ್ಯಾದೆ ಇದೆ. ಬದುಕಿರುವವಳ ರಕ್ತಕ್ಕೆ ಇಷ್ಟಾದರೂ ಬೇಡವೇ?

ಹಾಗಾಗಿ ನನ್ನ ಬೇಡಿಕೆಗಳು ಉದ್ದ ಇಲ್ಲ. ಒಂದು, ಮೂಲ ಚಿತ್ರ ಉಳಿಯಬೇಕು, ರಿಪೋರ್ಟಿನ ಜೊತೆ ಡಾಕ್ಟರಿಗೆ ಸಿಗಬೇಕು. ಎರಡು, ತೋರಿಸುವ ಚಿತ್ರ ಅಳೆದದ್ದೋ, ಲೆಕ್ಕ ಹಾಕಿ ಕೂಡಿಸಿದ್ದೋ, ಊಹಿಸಿದ್ದೋ ಅಂತ ಚಿತ್ರದ ಮೇಲೇ ಬರೆದಿರಬೇಕು. ಊಹಿಸಿದ ಜಾಗ ಬೇರೆ ಬಣ್ಣದಲ್ಲಿ ಕಾಣಬೇಕು. ಮೂರು, ಯಂತ್ರಕ್ಕೆ "ಓದಲಾಗುತ್ತಿಲ್ಲ, ಇನ್ನೊಂದು ಸ್ಲೈಡ್ ಮಾಡಿ" ಅನ್ನುವ ಉತ್ತರ ಬರಬೇಕು. ಹಾಗೆ ಹೇಳಲು ಬಾರದ ಯಂತ್ರವನ್ನು ಕೊಳ್ಳಬಾರದು. ನಾಲ್ಕು, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸ್ಲೈಡುಗಳ ಮೇಲೆ ಪರೀಕ್ಷೆ ಆಗಬೇಕು, ಕಷ್ಟದ ಸ್ಲೈಡುಗಳ ಅಂಕ ಬೇರೆ ಕಾಲಮ್ಮಿನಲ್ಲಿ ಬರಬೇಕು. ಹೊಸ ಕಾನೂನು ಬರಲಿ ಅಂತ ಕಾಯಬೇಕಿಲ್ಲ. 2020ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ರೋಗ ಪತ್ತೆಯ ಸಾಫ್ಟ್‌ವೇರೂ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬರುತ್ತದೆ. ಕೇಳುವ ಹಕ್ಕಿದೆ. ಕೊಳ್ಳುವ ಆಸ್ಪತ್ರೆಯವರು ಟೆಂಡರಿನಲ್ಲಿ ಈ ನಾಲ್ಕು ಸಾಲು ಹಾಕಿದರೂ ಸಾಕು.

ಕೋಡು ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ನಮ್ಮಲ್ಲಿ ಬಹಳ ಜನ ಹಳ್ಳಿಯಿಂದ ಬಂದವರು. ನಮ್ಮ ಅಪ್ಪ ಅಮ್ಮ ಇವತ್ತಿಗೂ ತೋರಿಸಿಕೊಳ್ಳುವುದು ಅದೇ ಆಸ್ಪತ್ರೆಯಲ್ಲಿ. ಮುಂದಿನ ಡೆಮೋದಲ್ಲಿ ಬಲಗಡೆಯ ಚಿತ್ರಕ್ಕೆ ಚಪ್ಪಾಳೆ ಬೀಳುವಾಗ ಎದ್ದು ನಿಂತು ಎಡಗಡೆಯದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಕೆಲಸ ಹೋಗಲ್ಲ, ನಾನು ಕೇಳಿ ನೋಡಿದ್ದೇನೆ. ಕಾಣದ್ದನ್ನು ಕಾಣಲಿಲ್ಲ ಅಂತ ಬರೆಯುವುದಕ್ಕೆ ನ್ಯೂರಲ್ ನೆಟ್‌ವರ್ಕು ಬೇಕಿಲ್ಲ. ಒಂದು ಚುಕ್ಕಿ ಸಾಕು.